ಗೃಹೋದ್ಯಾನ: ಊರ ಬಾರೆಯ ಸಸಿಮಡಿ

ಎಳ್ಳಮಾವಾಸ್ಯೆಯು ಕಳೆದು ಸಂಕ್ರಾಂತಿಯು ಸಮೀಪಿಸುವ ದಿನಗಳಲ್ಲಿ ಉತ್ತರ ಕರ್ನಾಟಕದ ಸಂತೆಗಳಲ್ಲೆಲ್ಲ ಬಾರೆಹಣ್ಣಿನ ರಾಶಿಗಳು ಕಾಣಬರುವುವು. ಮೈಸೂರು ಸೀಮೆಯವರು ಇದನ್ನೇ ಎಲಚಿಯೆಂದು ಕರೆಯುವರು. ಬೋರೆಯೆಂಬ ಹೆಸರೂ ಉಂಟು. ಮರಾಠಿಯವರಿಗೆ ಇದು ಬೋರ, ತೆಲುಗರಿಗೆ ರೇಗು, ಉರ್ದು ಮಾತಾಡುವವರಿಗೆ ಬೇರ್. ಈ ಎಲ್ಲ ಹೆಸರುಗಳೂ ಒಂದೇ ಸಂತೆಯಲ್ಲಿ ಕಿವಿಗೆ ಬೀಳುವ ನಾಡು ನಮ್ಮ ಬೀದರ ಜಿಲ್ಲೆ. ಸಂಕ್ರಾಂತಿಯ ಹೊತ್ತಿನಲ್ಲಿ ಚಿಕ್ಕ ಮಕ್ಕಳನ್ನು ಮಣೆಯ ಮೇಲೆ ಕುಳ್ಳಿರಿಸಿ ತಲೆಯ ಮೇಲೆ ಬಾರೆಹಣ್ಣನ್ನು ಎರೆಯುವ ಪದ್ಧತಿಯು ಅನೇಕ ಮನೆತನಗಳಲ್ಲಿ ಇಂದಿಗೂ ನಡೆದುಬಂದಿದೆ. ಶ್ರೀರಾಮನಿಗೆ ಶಬರಿಯು ಕೊಟ್ಟಳೆಂದು ಜನರು ಹೇಳುವ ಹಣ್ಣೂ ಇದೇ. ಇಷ್ಟು ಆಪ್ತವಾದ ಈ ಗಿಡವನ್ನು ಮಾತ್ರ ನಾವು ನೆಟ್ಟು ಬೆಳೆಸುವ ಗೋಜಿಗೆ ಹೋದವರಲ್ಲ. ಅದು ತಾನಾಗಿ ಹುಟ್ಟುವುದು, ತಾನಾಗಿ ಫಲಿಸುವುದು. ನಾವು ಹೋಗಿ ಆರಿಸಿಕೊಂಡು ಬರುವೆವು. ಈ ತಿಂಗಳು ನಾವು ವಾಚಕರ ಮುಂದಿಡಬಯಸುವ ವಿಷಯವೇನೆಂದರೆ, ಇನ್ನು ಮುಂದೆ ಇಷ್ಟಕ್ಕೇ ಸುಮ್ಮನಿರುವಂತಿಲ್ಲ ಎಂಬುದು.

ಮಹಾರಾಷ್ಟ್ರ ಮತ್ತು ತೆಲಂಗಾಣದ ಗಡಿಗೆ ಸಮೀಪವಾಗಿರುವ ಔರಾದ ತಾಲೂಕಿನ ಚಿಂತಾಕಿಯ ಕಡೆಗೆ, ಅಥವಾ ಭಾಲ್ಕಿಯ ಹಳ್ಳಿಗಳ ಕಡೆಗೆ ಹೋದವರು ಹೊಲದ ಒಡ್ಡುಗಳ ಮೇಲೂ ಹಳ್ಳದ ದಂಡೆಗಳಲ್ಲಿಯೂ ಬಾರೆಯನ್ನು ಕಾಣುವರು. ಎರೆಭೂಮಿಯಿರಲಿ, ಬೀದರ ಪಟ್ಟಣದ ಸುತ್ತಲಿನ ಕೆಂಪು ಜಂಬುನೆಲವಿರಲಿ, ಅದಕ್ಕೆ ಎರಡೂ ಸಮ. ಬೇಸಿಗೆಯಲ್ಲಿ ಎಲೆಗಳನ್ನುದುರಿಸಿ ಬತ್ತಿದಂತೆ ನಿಂತು, ಮೃಗಶಿರೆಯ ಮಳೆ ಬಿದ್ದೊಡನೆ ಚಿಗುರುವುದು. ಮಳೆಗಾಲ ಮುಗಿಯುವುದರೊಳಗೆ ಹೂ ಬಿಡುವುದು. ಚಳಿಗಾಲದಲ್ಲಿ ಹಣ್ಣು ಕೊಡುವುದು. ಬರಗಾಲದ ವರ್ಷದಲ್ಲಿಯೂ ಇದು ಬರಿಗೈಯಿಂದ ಕಳಿಸುವುದು ಅಪರೂಪ. ಇದರ ಎಲೆ ಆಡುಗಳಿಗೆ ಮೇವು, ಮುಳ್ಳು ಹೊಲಕ್ಕೆ ಬೇಲಿ, ಹಣ್ಣಿನಲ್ಲಿ ವಿಟಮಿನ್ ಸಿ ಎಂಬ ಸತ್ವವು ಸೇಬಿಗಿಂತ ಹಲವು ಪಟ್ಟು ಹೆಚ್ಚು.

ಈ ಮರಗಳನ್ನು ನೆಟ್ಟವರು ಹಕ್ಕಿಗಳು, ನರಿಗಳು, ಆಡುಗಳು, ಮತ್ತು ತಿಂದು ವಾಟೆಯನ್ನು ಉಗುಳಿದ ನಮ್ಮ ಮಕ್ಕಳು. ಆದುದರಿಂದ ಒಂದು ಮರದಂತೆ ಇನ್ನೊಂದಿಲ್ಲ. ಒಂದರ ಹಣ್ಣು ಗೋಲಿಯಷ್ಟು, ಇನ್ನೊಂದರದು ಅಡಕೆಯಷ್ಟು. ಒಂದು ಒಗರು, ಒಂದು ಹುಳಿ, ಒಂದು ಬೆಲ್ಲದಂತೆ ಸಿಹಿ. ಯಾವ ಒಡ್ಡಿನ ಮರ ಸಿಹಿಯೆಂಬುದು ಊರಿನ ಮಕ್ಕಳಿಗೂ, ದನ ಕಾಯುವವರಿಗೂ, ಹಣ್ಣಾರಿಸುವ ಹೆಣ್ಣುಮಕ್ಕಳಿಗೂ ಚೆನ್ನಾಗಿ ಗೊತ್ತಿರುವುದು. ಆದರೆ ಈಚೆಗೆ ಹೊಲಗಳ ಒಡ್ಡುಗಳು ಕಿರಿದಾಗುತ್ತಿವೆ. ದೊಡ್ಡ ಯಂತ್ರಗಳು ತಿರುಗಲು ಅಡ್ಡಿಯಾಗುವ ಮುಳ್ಳುಗಿಡಗಳನ್ನು ಬುಡಸಹಿತ ಕೀಳುತ್ತಾರೆ. ದಾರಿ ಅಗಲವಾಗುವಾಗ ಬದಿಯ ಮರಗಳು ಹೋಗುವುವು. ಹೀಗೆ ಒಂದು ಬಾರೆಯ ಮರ ಉರುಳಿದಾಗ, ಅಂಥವು ಇನ್ನೂ ಬೇಕಾದಷ್ಟಿವೆಯೆಂದು ಜನರು ಸಮಾಧಾನಪಡುವರು. ಬಾರೆಗಳು ಬೇಕಾದಷ್ಟಿರಬಹುದು, ಆ ಬಾರೆ ಮಾತ್ರ ಮತ್ತೆಲ್ಲಿಯೂ ಇರುವುದಿಲ್ಲ.

ಅದರ ವಾಟೆಯನ್ನು ನೆಟ್ಟರೆ ಅದೇ ಹಣ್ಣು ಬಾರದೆ? ಎಂದು ವಾಚಕರು ಕೇಳಬಹುದು. ಸಾಮಾನ್ಯವಾಗಿ ಬಾರದು. ಬಾರೆಯ ಹೂವು ಬಹುಮಟ್ಟಿಗೆ ತನ್ನದೇ ಮರದ ಪರಾಗದಿಂದ ಕಾಯಿಕಟ್ಟುವುದಿಲ್ಲ. ಜೇನ್ನೊಣ, ಕಣಜ, ನೊಣಗಳು ಬೇರೊಂದು ಮರದಿಂದ ತಂದ ಪರಾಗದಿಂದಲೇ ಕಾಯಾಗುವುದು. ಹೀಗಾಗಿ ಪ್ರತಿ ವಾಟೆಯೊಳಗಿನ ಬೀಜದಲ್ಲಿ ತಾಯಿಯ ಗುಣದೊಂದಿಗೆ ಯಾವುದೋ ಅಪರಿಚಿತ ತಂದೆಯ ಗುಣವೂ ಬೆರೆತಿರುವುದು. ಸಿಹಿ ಮರದ ಹತ್ತು ಬೀಜಗಳಿಂದ ಹತ್ತು ಬಗೆಯ ಮರಗಳು ಹುಟ್ಟಿಯಾವು.

ಕೆಲವು ಸಸ್ಯಗಳಿಗೆ ಈ ತೊಡಕಿಲ್ಲ. ಹಿಮಾಲಯದ ಇಳಿಜಾರುಗಳಲ್ಲಿ ಕಾಡು ಸ್ಟ್ರಾಬೆರಿ ಬೆಳೆಯುವುದು. ಮಹಾಬಳೇಶ್ವರದಲ್ಲಿ ಬೆಳೆಯುವ ತೋಟದ ಸ್ಟ್ರಾಬೆರಿಯು ಅದರ ಬಂಧುವೇ. ಈ ಜಾತಿಯ ಗಿಡವು ನೆಲದ ಮೇಲೆ ತೆಳ್ಳನೆಯ ಬಳ್ಳಿಗಳನ್ನು ಚಾಚಿ, ಗೆಣ್ಣು ನೆಲಕ್ಕೆ ತಾಕಿದೆಡೆಯಲ್ಲಿ ಬೇರೂರಿ, ತನ್ನಂಥದೇ ಮರಿಗಿಡವನ್ನು ತಾನೇ ಹುಟ್ಟಿಸುವುದು. ತೋಟಗಾರನು ಆ ಮರಿಯನ್ನು ಬಿಡಿಸಿ ಬೇರೆಡೆ ನೆಟ್ಟರಾಯಿತು, ರುಚಿ ಕೆಡದು. ಬಾರೆಗೆ ಇಂಥ ಬಳ್ಳಿಯಿಲ್ಲ. ಕೊಂಬೆಯನ್ನು ಕತ್ತರಿಸಿ ಊರಿದರೆ ಬೇರು ಬಿಡುವುದೂ ಬಲು ಕಷ್ಟ. ಸ್ಟ್ರಾಬೆರಿಯ ಬಳ್ಳಿಯು ಮಾಡುವ ಕೆಲಸವನ್ನು ಬಾರೆಯ ವಿಷಯದಲ್ಲಿ ಮನುಷ್ಯನ ಕೈಯೇ ಮಾಡಬೇಕು. ಆ ಕೆಲಸದ ಹೆಸರು ಕಣ್ಣುಕಸಿ. ಎಲೆಯ ತೊಟ್ಟಿನ ಬುಡದಲ್ಲಿರುವ ಪುಟ್ಟ ಮೊಗ್ಗಿಗೆ ತೋಟಗಾರರು ಕಣ್ಣು ಎನ್ನುವರು. ಒಳ್ಳೆಯ ಮರದ ಒಂದು ಕಣ್ಣನ್ನು ತೆಗೆದು ಬೇರೊಂದು ಬಾರೆಯ ಸಸಿಗೆ ಕೂಡಿಸಿದರೆ, ಆ ಕಣ್ಣಿನಿಂದ ಬೆಳೆದ ಭಾಗವೆಲ್ಲ ಒಳ್ಳೆಯ ಮರವೇ ಆಗುವುದು.

ಈ ವಿದ್ಯೆಯು ನಮ್ಮ ನರ್ಸರಿಗಳಿಗೆ ಹೊಸದಲ್ಲ. ಜೋಧಪುರದಲ್ಲಿರುವ ಕೇಂದ್ರ ಶುಷ್ಕವಲಯ ಸಂಶೋಧನ ಸಂಸ್ಥೆಯವರು ಬಾರೆಯ ಕಸಿಸಸಿಗಳನ್ನು ಕೊಳವೆಯಂಥ ಪ್ಲಾಸ್ಟಿಕ್ ಚೀಲಗಳಲ್ಲಿ ಕೆಲವೇ ತಿಂಗಳುಗಳಲ್ಲಿ ಸಿದ್ಧಪಡಿಸುವ ಕ್ರಮವನ್ನು ರೂಢಿಗೆ ತಂದರು. ಗೋಲಾ, ಉಮ್ರಾಣ, ಮೆಹರೂಣ ಮೊದಲಾದ ಹೆಸರಾದ ತಳಿಗಳೂ, ಈಚೆಗೆ ಪೇಟೆಯನ್ನು ತುಂಬಿರುವ ಆಪಲ್ ಬೋರ್ ಎಂಬ ದೊಡ್ಡ ಹಣ್ಣೂ ಹೀಗೆಯೇ ಹಬ್ಬಿದವು. ಇಲ್ಲೊಂದು ವಿಚಿತ್ರವನ್ನು ಗಮನಿಸಬೇಕು. ಈ ದೊಡ್ಡ ಹಣ್ಣಿನ ಗಿಡಗಳಿಗೆ ಬೇರಾಗಿ ನಿಲ್ಲುವುದು ನಮ್ಮ ಊರ ಬಾರೆಯೇ. ನರ್ಸರಿಯವರು ಕಾಡುಬಾರೆಯ ವಾಟೆಗಳನ್ನು ಬಿತ್ತಿ ಸಸಿ ಮಾಡುವರು. ಮೇಲೆ ಪರಸ್ಥಳದ ಕಣ್ಣನ್ನು ಕೂಡಿಸುವರು. ಆ ಕಣ್ಣು ಚಿಗುರಿದೊಡನೆ ಊರ ಬಾರೆಯ ತಲೆಯನ್ನು ಕತ್ತರಿಸಿ ಎಸೆಯುವರು. ದುಡಿಯುವ ಕಾಲು ನಮ್ಮದು, ಹೆಸರಿನ ತಲೆ ಬೇರೆಯವರದು. ದೊಡ್ಡ ಹಣ್ಣಿನ ಮೇಲೆ ನಮಗೆ ದ್ವೇಷವೇನೂ ಇಲ್ಲ. ಮಾರುವ ರೈತನಿಗೆ ಅದರಿಂದ ಅನುಕೂಲವೇ ಇರಬಹುದು. ಆದರೆ ಊರ ಬೇರಿನ ಮೇಲೆ ಊರ ಒಳ್ಳೆಯ ಮರದ ಕಣ್ಣನ್ನೂ ಏಕೆ ಕೂಡಿಸಬಾರದು ಎಂಬುದೇ ನಮ್ಮ ಪ್ರಶ್ನೆ.

ಒಂದೇ ಒಂದು ಮರದಿಂದ ಏನಾದೀತು ಎನ್ನುವವರು ತುಮಕೂರು ಜಿಲ್ಲೆಯ ಚೇಳೂರಿನ ಸಿದ್ದು ಹಲಸಿನ ಕಥೆಯನ್ನು ತಿಳಿಯಬೇಕು. ರೈತರೊಬ್ಬರ ಹೊಲದಲ್ಲಿದ್ದ, ಕೆಂಪು ತೊಳೆಯ ರುಚಿಯಾದ ಒಂದೇ ಹಲಸಿನ ಮರವನ್ನು ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನ ಸಂಸ್ಥೆಯು ಗುರುತಿಸಿತು. 2017ರಲ್ಲಿ ಆ ರೈತರೊಡನೆ ಒಪ್ಪಂದ ಮಾಡಿಕೊಂಡು, ಕಸಿಸಸಿಗಳ ಮಾರಾಟದಿಂದ ಬಂದ ಹಣದಲ್ಲಿ ಹೆಚ್ಚಿನ ಪಾಲು ಅವರಿಗೇ ಸಲ್ಲುವಂತೆ ಏರ್ಪಡಿಸಿತು. ಇಂದು ಆ ಮರದ ಮಕ್ಕಳು ನಾಡಿನ ಹಲವೆಡೆಗಳಲ್ಲಿ ಬೆಳೆಯುತ್ತಿವೆ. ಕಸಿಯ ಕೈ ತಾಕದಿದ್ದರೆ ಆ ರುಚಿಯು ಆ ಹೊಲದಲ್ಲಿಯೇ ಹುಟ್ಟಿ ಆ ಹೊಲದಲ್ಲಿಯೇ ಮುಗಿಯುತ್ತಿತ್ತು. ಬಾರೆಯು ಹಲಸಿನಷ್ಟು ಬೆಲೆಯದಲ್ಲದಿರಬಹುದು. ನ್ಯಾಯ ಮಾತ್ರ ಒಂದೇ.

ಇನ್ನು ಕೆಲಸದ ಕ್ರಮವನ್ನು ಹೇಳುವೆವು. ಇದಕ್ಕೆ ದೊಡ್ಡ ನರ್ಸರಿ ಬೇಕಿಲ್ಲ. ಹಿತ್ತಿಲಿನಲ್ಲಿ ಒಂದು ಹಾಸಿಗೆಯಷ್ಟು ಜಾಗ, ಹರಿತವಾದ ಚಾಕು, ದಿನಕ್ಕೆ ಎರಡು ಕೊಡ ನೀರು, ಇಷ್ಟಿದ್ದರೆ 20 ಅಥವಾ 30 ಸಸಿಗಳನ್ನು ಮಾಡಬಹುದು.

ಮೊದಲನೆಯದು ತಾಯಿಮರದ ಆಯ್ಕೆ. ಒಂದೇ ವರ್ಷದ ರುಚಿಯನ್ನು ನಂಬಬಾರದು. ಎರಡು ಮೂರು ಚಳಿಗಾಲ ನೋಡಿದ ಮರವೇ ಮೇಲು. ಸಿಹಿಯೊಂದನ್ನೇ ನೋಡದೆ, ವಾಟೆ ಸಣ್ಣದೇ, ಸಿಪ್ಪೆ ತೆಳುವೇ, ಹುಳು ಕಡಮೆಯೇ, ಮಳೆ ತಪ್ಪಿದ ವರ್ಷದಲ್ಲಿಯೂ ಕಾಯಿ ಹಿಡಿಯುವುದೇ, ಹಣ್ಣು ಒಣಗಿಸಲು ಚೆನ್ನಾಗಿರುವುದೇ ಎಂಬುದನ್ನೂ ವಿಚಾರಿಸಬೇಕು. ಇದನ್ನು ಹೇಳಬಲ್ಲವರು ಊರಿನ ಹಿರಿಯ ಹೆಂಗಸರು ಮತ್ತು ಕುರಿಗಾಹಿಗಳು. ಮರಕ್ಕೊಂದು ಬಟ್ಟೆಯ ಚೂರನ್ನು ಕಟ್ಟಿ, ಹೊಲದ ಒಡೆಯರಿಗೆ ತಿಳಿಸಿ, ಗುಣಗಳನ್ನು ಒಂದು ವಹಿಯಲ್ಲಿ ಬರೆದಿಡತಕ್ಕದ್ದು.

ಎರಡನೆಯದು ಬೀಜ. ಬೇರಾಗತಕ್ಕ ಸಸಿಗೆ ಯಾವ ಊರ ಬಾರೆಯ ವಾಟೆಯಾದರೂ ಆಗಬಹುದು. ಆದರೆ ಹಣ್ಣು ಮರದಲ್ಲಿಯೇ ಪೂರ್ಣ ಮಾಗಿರಬೇಕು. ಸಂಕ್ರಾಂತಿಯಲ್ಲಿ ಮಕ್ಕಳಿಗೆ ಎರೆದ ಹಣ್ಣುಗಳನ್ನು ತಿಂದಾದ ಮೇಲೆ ವಾಟೆಗಳನ್ನು ಎಸೆಯದೆ ತೊಳೆದು ನೆರಳಿನಲ್ಲಿ ಒಣಗಿಸಿಟ್ಟರೆ ಆ ಕೆಲಸ ಆದಂತೆಯೇ. ಬಿತ್ತುವ ಮುಂಚೆ ಒಂದು ಲೀಟರು ನೀರಿಗೆ ಸುಮಾರು 170 ಗ್ರಾಂ ಉಪ್ಪನ್ನು ಕರಗಿಸಿ ವಾಟೆಗಳನ್ನು ಅದರಲ್ಲಿ ಹಾಕಬೇಕು. ತೇಲುವುವು ಜಳ್ಳು, ಮುಳುಗಿದವುಗಳನ್ನು ಸಿಹಿನೀರಿನಲ್ಲಿ ಚೆನ್ನಾಗಿ ತೊಳೆದುಕೊಳ್ಳಬೇಕು. ವಾಟೆಯ ಚಿಪ್ಪು ಬಹು ಗಟ್ಟಿ. ಹಾಗೆಯೇ ಬಿತ್ತಿದರೆ ಮೊಳೆಯಲು ಮೂರು ನಾಲ್ಕು ವಾರ ಹಿಡಿಯುವುದು. ಕಲ್ಲಿನ ಮೇಲಿಟ್ಟು ಸಣ್ಣ ಸುತ್ತಿಗೆಯಿಂದ ಹಗುರಾಗಿ ತಟ್ಟಿ ಚಿಪ್ಪನ್ನೊಡೆದರೆ ಒಳಗೆ ಒಂದೋ ಎರಡೋ ಚಪ್ಪಟೆಯಾದ ಬೀಜಗಳು ಸಿಕ್ಕುವುವು. ಅವು ಒಂದು ವಾರದ ಸುಮಾರಿಗೆ ಮೊಳೆಯುವುವು. ಬೀಜಕ್ಕೆ ಪೆಟ್ಟು ತಾಕದಂತೆ ಒಡೆಯುವುದಕ್ಕೆ ತಾಳ್ಮೆಯುಳ್ಳ ಕೈ ಬೇಕು.

ಮೂರನೆಯದು ಬಿತ್ತನೆ. ಬಾರೆಯು ಮೊಳೆತೊಡನೆ ತಾಯಿಬೇರನ್ನು ನೇರವಾಗಿ ಆಳಕ್ಕೆ ಇಳಿಸುವುದು. ಬರವನ್ನು ತಾಳುವ ಅದರ ಶಕ್ತಿಯೆಲ್ಲ ಆ ಬೇರಿನಲ್ಲಿರುವುದು; ಅದು ಮುರಿದರೆ ಸಸಿ ಏಳದು. ಆದುದರಿಂದ ಮಡಿಯಲ್ಲಿ ಬಿತ್ತಿ ಕಿತ್ತು ನೆಡುವ ಪದ್ಧತಿ ಇದಕ್ಕೆ ಒಗ್ಗುವುದಿಲ್ಲ. ಸುಮಾರು 10 ಅಂಗುಲ ಎತ್ತರ, 4 ಅಂಗುಲ ಅಗಲದ ಚೀಲಗಳಲ್ಲಿ ಮಣ್ಣು, ಮರಳು, ಚೆನ್ನಾಗಿ ಕಳಿತ ತಿಪ್ಪೆಗೊಬ್ಬರಗಳನ್ನು ಸಮಪಾಲಾಗಿ ತುಂಬಿ, ಅರ್ಧ ಅಂಗುಲದಷ್ಟು ಆಳದಲ್ಲಿ ಎರಡೆರಡು ಬೀಜಗಳನ್ನಿಡಬೇಕು. ಎರೆಮಣ್ಣಿನವರು ಮರಳನ್ನು ಕಡಮೆ ಮಾಡಬಾರದು. ಇಲ್ಲವಾದರೆ ನೀರು ನಿಂತು ಬೇರು ಕೊಳೆಯುವುದು. ಚೈತ್ರಮಾಸವೆಂದರೆ ಮಾರ್ಚ್ ಕೊನೆಯಿಂದ ಏಪ್ರಿಲ್ ವರೆಗೆ ಬಿತ್ತನೆಗೆ ತಕ್ಕ ಕಾಲ. ಔರಾದದ ಬಿಸಿಲು ಸಾಮಾನ್ಯವಲ್ಲ. ತೊಗರಿಕಟ್ಟಿಗೆಯ ತಟ್ಟಿಯೊಂದನ್ನು ಮೇಲೆ ಕಟ್ಟಿದರೆ ಅರೆನೆರಳಾಗುವುದು. ಅಳಿಲು, ಇಲಿ, ಆಡುಗಳ ಕಾಟಕ್ಕೆ ಸುತ್ತಲೂ ಮುಳ್ಳಿನ ಬೇಲಿ ಇರಲಿ. ಎರಡೂ ಬೀಜ ಮೊಳೆತರೆ ಬಲವಾದುದನ್ನಿಟ್ಟು ಇನ್ನೊಂದನ್ನು ಚಿವುಟಬೇಕು. ತಿಂಗಳಿಗೊಮ್ಮೆ ಚೀಲಗಳನ್ನು ಎತ್ತಿ ಜಾಗ ಬದಲಿಸುವುದು ಅಗತ್ಯ. ಇಲ್ಲವಾದರೆ ಬೇರು ಚೀಲವನ್ನು ದಾಟಿ ನೆಲಕ್ಕಿಳಿಯುವುದು.

ಇತ್ತ ಸಸಿಗಳು ಬೆಳೆಯುತ್ತಿರುವಾಗ ಅತ್ತ ತಾಯಿಮರವನ್ನೂ ಸಿದ್ಧಪಡಿಸಬೇಕು. ಬೇಸಿಗೆಯಲ್ಲಿ ಮರವು ಎಲೆಯುದುರಿಸಿ ನಿಂತಾಗ ಅದರ ಎರಡು ಮೂರು ಕೊಂಬೆಗಳನ್ನು ಮೋಟಾಗಿ ಸವರಿದರೆ, ಮಳೆಗೆ ಅವುಗಳಿಂದ ಹುಲುಸಾದ ಹೊಸ ರೆಂಬೆಗಳು ಬರುವುವು. ಕಸಿಗೆ ಬೇಕಾದ ಕಣ್ಣುಗಳು ಆ ರೆಂಬೆಗಳಲ್ಲಿರುವುವು.

ನಾಲ್ಕನೆಯದು ಕಸಿ. ಪುನರ್ವಸು, ಪುಷ್ಯ ಮಳೆಗಳ ಕಾಲದಲ್ಲಿ, ಎಂದರೆ ಜುಲೈ ತಿಂಗಳಲ್ಲಿ, ಸಸಿಯ ಕಾಂಡವು ಸೀಸದಕಡ್ಡಿಯ ದಪ್ಪಕ್ಕೆ ಬಂದಿರುವುದು. ತೊಗಟೆಯೂ ರಸತುಂಬಿ ಸುಲಭವಾಗಿ ಬಿಡುವುದು. ಮೋಡವಿದ್ದು ಮಳೆ ಬೀಳದ ದಿನವನ್ನಾರಿಸಿಕೊಂಡು, ನೆಲದಿಂದ ಸುಮಾರು 5 ಅಂಗುಲದ ಮೇಲೆ ಸಸಿಯ ಮುಳ್ಳು ಎಲೆಗಳನ್ನು ತೆಗೆಯಬೇಕು. ಅಲ್ಲಿ ತೊಗಟೆಯ ಮೇಲೆ ಅಡ್ಡಲಾಗಿ ಒಂದು ಗೆರೆ, ಅದರ ನಡುವಿನಿಂದ ಕೆಳಕ್ಕೆ ಅಂಗುಲದುದ್ದ ಇನ್ನೊಂದು ಗೆರೆ ಕೊಯ್ಯಬೇಕು. ತಾಯಿಮರದ ರೆಂಬೆಯಿಂದ ಎಲೆಯನ್ನು ಕತ್ತರಿಸಿ ತೊಟ್ಟನ್ನು ಮಾತ್ರ ಉಳಿಸಿ, ಕಣ್ಣಿನ ಸುತ್ತಲಿನ ತೊಗಟೆಯನ್ನು ಗುರಾಣಿಯಾಕಾರದಲ್ಲಿ ಅಂಗುಲದುದ್ದ ಬಿಡಿಸಿಕೊಳ್ಳಬೇಕು. ಅದನ್ನು ಸಸಿಯ ಬಿಡಿಸಿದ ತೊಗಟೆಯೊಳಗೆ ಮೇಲಿನಿಂದ ಕೆಳಕ್ಕೆ ಜಾರಿಸಿ, ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿಯಾಗಿ ಸುತ್ತಬೇಕು. ಕಣ್ಣು ಮಾತ್ರ ಹೊರಗೆ ಕಾಣುತ್ತಿರಬೇಕು. ಕಣ್ಣು ತಲೆಕೆಳಗಾಗಬಾರದು, ಒಳಮೈಗೆ ಬೆರಳು ತಾಕಬಾರದು, ತೆಗೆದ ಕಣ್ಣು ಗಾಳಿಗೆ ಒಣಗಬಾರದು. ಈ ಮೂರು ಎಚ್ಚರಗಳಲ್ಲಿ ಕಸಿಯ ಮುಕ್ಕಾಲು ಭಾಗವಿದೆ.

ಹತ್ತು ಹದಿನೈದು ದಿನಗಳ ಮೇಲೆ ಉಳಿಸಿದ ತೊಟ್ಟನ್ನು ಮೆಲ್ಲನೆ ಮುಟ್ಟಿ ನೋಡಬೇಕು. ಮುಟ್ಟಿದೊಡನೆ ತೊಟ್ಟು ಉದುರಿ ಕಣ್ಣು ಹಸುರಾಗಿದ್ದರೆ ಕಸಿ ಕೂಡಿತೆಂದು ತಿಳಿಯಬೇಕು. ತೊಟ್ಟು ಒಣಗಿ ಅಂಟಿಕೊಂಡಿದ್ದರೆ ಕೂಡಲಿಲ್ಲ. ಅದೇ ಸಸಿಯಲ್ಲಿ ಇನ್ನೊಂದು ಬದಿಗೆ ಮತ್ತೆ ಪ್ರಯತ್ನಿಸಬಹುದು. ಕಣ್ಣು ಚಿಗುರಿದ ಮೇಲೆ ಅದರ ಮೇಲಿನ ಸಸಿಯ ಭಾಗವನ್ನು ಓರೆಯಾಗಿ ಕತ್ತರಿಸಿ, ಪಟ್ಟಿಯನ್ನು ಸಡಿಲಿಸಬೇಕು. ಇಲ್ಲಿಂದ ಮುಂದೆ ಬೇಕಾದುದು ಒಂದೇ ಜಾಗರೂಕತೆ. ಕಸಿಯ ಕೆಳಗಿನಿಂದ ಹೊರಡುವ ಚಿಗುರುಗಳನ್ನು ಕಂಡಕಂಡಾಗ ಒರಸಿ ತೆಗೆಯತಕ್ಕದ್ದು. ಅವು ಬೇರಿನ ಸ್ವಂತ ಚಿಗುರುಗಳು. ಬಿಟ್ಟರೆ ಮೇಲಿನ ಕಣ್ಣನ್ನು ತುಳಿದು ತಾವೇ ಮರವಾಗುವುವು. ಆಮೇಲೆ ಹಣ್ಣು ಒಗರಾಯಿತೆಂದು ಕಸಿಯನ್ನು ದೂಷಿಸಿ ಫಲವಿಲ್ಲ.

ಶ್ರಾವಣ ಭಾದ್ರಪದಗಳಲ್ಲಿ ಸಸಿಯನ್ನು ನೆಡಬಹುದು. ಎರಡು ಅಡಿ ಉದ್ದ, ಅಗಲ, ಆಳದ ಗುಂಡಿಗೆ ಗೊಬ್ಬರ ಮಣ್ಣು ತುಂಬಿ, ಗಿಡದಿಂದ ಗಿಡಕ್ಕೆ 20 ಅಡಿಗೆ ಕಡಮೆಯಿಲ್ಲದಂತೆ ಅಂತರವಿಡಬೇಕು. ಮೊದಲ ಎರಡು ಬೇಸಿಗೆ ನೀರು ಕೊಟ್ಟರೆ ಸಾಕು. ಅಷ್ಟರಲ್ಲಿ ಬೇರು ತನ್ನ ಅನ್ನವನ್ನು ತಾನು ಹುಡುಕಿಕೊಳ್ಳುವುದು. ಕಸಿಗಿಡವು ಎರಡನೆಯ ಮೂರನೆಯ ವರ್ಷದಿಂದಲೇ ಹಣ್ಣು ಬಿಡಲಾರಂಭಿಸುವುದು.

ಇಲ್ಲೊಂದು ಮಾತನ್ನು ಮರೆಯಬಾರದು. ಬಾರೆಯ ಹೂವಿಗೆ ಬೇರೊಂದು ಮರದ ಪರಾಗ ಬೇಕೆಂದು ಮೇಲೆ ಹೇಳಿದೆವು. ಒಂದೇ ತಾಯಿಯ ಕಣ್ಣುಗಳಿಂದಾದ ಹತ್ತು ಗಿಡಗಳು ಲೆಕ್ಕದಲ್ಲಿ ಹತ್ತಾದರೂ ಪರಾಗದ ಮಟ್ಟಿಗೆ ಒಂದೇ ಮರ. ಆದುದರಿಂದ ಎರಡು ಬೇರೆ ಬೇರೆ ತಾಯಿಮರಗಳ ಕಸಿಗಳನ್ನು ಜೊತೆಗೂಡಿಸಿ ನೆಡಬೇಕು, ಅಥವಾ ಕಸಿಮಾಡದ ಬೀಜದ ಗಿಡಗಳನ್ನು ನಡುವೆ ಒಂದೆರಡು ಬಿಡಬೇಕು. ಬೀಜದ ಗಿಡಗಳನ್ನು ಕೀಳಾಗಿ ಕಾಣಬೇಡಿರಿ. ಕಸಿಯು ಇದ್ದ ಒಳ್ಳೆಯದನ್ನು ಉಳಿಸುವುದು. ಹೊಸ ಒಳ್ಳೆಯದು ಹುಟ್ಟಬೇಕಾದರೆ ಬೀಜದಿಂದಲೇ ಹುಟ್ಟಬೇಕು.

ಜಾಗವಿಲ್ಲದವರಿಗೂ ಒಂದು ಉಪಾಯವುಂಟು. ಹೊಲದ ಒಡ್ಡಿನ ಮೇಲೆ ತಾನಾಗಿ ಬೆಳೆದ ಒಗರು ಬಾರೆಯಿದ್ದರೆ ಅದನ್ನು ಕೀಳಬೇಕಾಗಿಲ್ಲ. ಬೇಸಿಗೆಯಲ್ಲಿ ನೆಲದಿಂದ ಒಂದೆರಡು ಅಡಿಯ ಮೇಲೆ ಕತ್ತರಿಸಿ, ಮಳೆಗೆ ಬರುವ ಚಿಗುರುಗಳಲ್ಲಿ ಎರಡು ಮೂರನ್ನು ಉಳಿಸಿ, ಜುಲೈಯಲ್ಲಿ ಅವುಗಳಿಗೆ ಒಳ್ಳೆಯ ಮರದ ಕಣ್ಣು ಕೂಡಿಸಿದರೆ ಹಳೆಯ ಬೇರಿನ ಮೇಲೆಯೇ ಸಿಹಿ ಮರ ಏಳುವುದು. ನೀರೂ ಬೇಡ, ಗುಂಡಿಯೂ ಬೇಡ.

ಹಣ್ಣಿನಲ್ಲಿ ಹುಳು ಬೀಳುವುದೆಂಬ ದೂರು ಸಾಮಾನ್ಯ. ಇದು ಬಾರೆಯ ಹಣ್ಣುನೊಣದ ಕೆಲಸ. ಉದುರಿದ ಹುಳುಕು ಹಣ್ಣುಗಳನ್ನು ದಿನಾಲು ಆರಿಸಿ ನಾಶಮಾಡುವುದು, ಬೇಸಿಗೆಯಲ್ಲಿ ಮರದ ಬುಡದ ಮಣ್ಣನ್ನು ಅಗೆದು ಕೋಶಗಳನ್ನು ಬಿಸಿಲಿಗೊಡ್ಡುವುದು, ಈ ಎರಡರಿಂದ ಮುಂದಿನ ವರ್ಷದ ಕಾಟವು ಬಹಳ ಕಡಮೆಯಾಗುವುದು. ತಿಂದುಳಿದ ಒಳ್ಳೆಯ ಹಣ್ಣನ್ನು ಒಣಗಿಸಿಡಬಹುದು. ಅಥವಾ ವಾಟೆ ತೆಗೆದು ಬೆಲ್ಲ, ಉಪ್ಪು, ಖಾರದ ಪುಡಿ ಕೂಡಿಸಿ ಕುಟ್ಟಿ, ಬಿಲ್ಲೆಗಳಾಗಿ ತಟ್ಟಿ ಬಿಸಿಲಿಗೆ ಒಣಗಿಸಿದರೆ ಬೇಸಿಗೆಯ ರಜೆಗೆ ಮಕ್ಕಳ ಬಾಯಿಗೆ ಏನಾದರೊಂದು ಇದ್ದಂತಾಗುವುದು.

ಕಸಿಯ ಕೈಚಳಕವನ್ನು ಓದಿ ಕಲಿಯುವುದಕ್ಕಿಂತ ನೋಡಿ ಕಲಿಯುವುದು ಸುಲಭ. ಬೀದರಿನ ತೋಟಗಾರಿಕೆ ಮಹಾವಿದ್ಯಾಲಯದಲ್ಲಿಯೂ ಜನವಾಡದ ಕೃಷಿ ವಿಜ್ಞಾನ ಕೇಂದ್ರದಲ್ಲಿಯೂ ಈ ವಿಷಯವನ್ನು ಬಲ್ಲವರಿರುವರು. ಮಳೆಗಾಲಕ್ಕೆ ಮುಂಚೆಯೇ ಹೋಗಿ ವಿಚಾರಿಸತಕ್ಕದ್ದು. ಮೊದಲ ವರ್ಷ ಹತ್ತಕ್ಕೆ ನಾಲ್ಕು ಕಣ್ಣು ಕೂಡಿದರೂ ಎದೆಗುಂದಬೇಕಾಗಿಲ್ಲ. ಆ ನಾಲ್ಕರಲ್ಲಿ ತಾಯಿಮರವು ನಾಲ್ಕು ಕಡೆ ಬದುಕಿತು.

ಇಷ್ಟೆಲ್ಲ ಕೆಲಸದಲ್ಲಿ ಈ ತಿಂಗಳು ಮಾಡತಕ್ಕದ್ದು ಎರಡೇ. ಹಬ್ಬದ ಹಣ್ಣಿನ ವಾಟೆಗಳನ್ನು ಕೂಡಿಡುವುದು, ಮತ್ತು ಮರದಲ್ಲಿ ಹಣ್ಣಿರುವಾಗಲೇ ಊರಿನ ಸಿಹಿ ಮರವನ್ನು ಗುರುತಿಸಿ ಬಟ್ಟೆ ಕಟ್ಟುವುದು. ಹಣ್ಣು ಮುಗಿದ ಮೇಲೆ ಎಲ್ಲ ಬಾರೆಗಳೂ ಒಂದೇ ಬಗೆಯ ಮುಳ್ಳುಗಿಡಗಳಾಗಿ ಕಾಣುವುವು. ಯಾವುದನ್ನು ಕಡಿಯಬಾರದೆಂದು ಆಗ ಯಾರಿಗೂ ತೋಚದು.